ನಮ್ಮ ಮನೆಯಲ್ಲಿ ಈಗ ಜ್ವರಕ್ಕೆ ಮೂರು ದಿನದ ವಾಯಿದೆ ಇಲ್ಲ

ನಮ್ಮ ಕಡೆ ಜ್ವರಕ್ಕೆ ಒಂದು ಪದ್ಧತಿ ಇದೆ. ಮೊದಲನೆ ದಿನ ಕಾಳುಮೆಣಸಿನ ಕಷಾಯ, ಕಂಬಳಿ. ಎರಡನೆ ದಿನ ಡೋಲೊ. ಮೂರನೆ ದಿನವೂ ಬಿಡದಿದ್ದರೆ ಮಾತ್ರ ಪೇಟೆಯ ಡಾಕ್ಟರು. ಅಡಿಕೆ ಕೊಯ್ಲಿನ ಕಾಲವಾದರೆ ಈ ವಾಯಿದೆ ಇನ್ನೆರಡು ದಿನ ಮುಂದಕ್ಕೂ ಹೋಗುತ್ತದೆ. ಪದ್ಧತಿ ತಪ್ಪು ಅಂತ ನಾನು ಹೇಳುವುದಿಲ್ಲ. ಹೆಚ್ಚಿನ ಜ್ವರಗಳು ತಾವಾಗಿ ಬಂದು ತಾವಾಗಿ ಹೋಗುವಂಥವೇ. ಆದರೆ ನನ್ನ ಮಟ್ಟಿಗೆ ಆ ಪದ್ಧತಿ ಮುಗಿದಿದೆ. ಎಡಗಡೆ ಪಕ್ಕೆಲುಬಿನ ಮರೆಯಲ್ಲಿ ಎಲ್ಲರಿಗೂ ಇರುವ ಗುಲ್ಮ, ಅಂದರೆ ಸ್ಪ್ಲೀನ್, ನನಗಿಲ್ಲ.

ಕಳೆದುಕೊಂಡದ್ದು ಸ್ಕೂಟರಿನಿಂದ ಬಿದ್ದು. ಸಾಗರದ ಕಡೆಯ ಹಳ್ಳಿ ರಸ್ತೆ, ಆಷಾಢದ ಮಳೆ, ಪಾಚಿ ಕಟ್ಟಿದ ತಿರುವು. ಹ್ಯಾಂಡಲ್ಲಿನ ತುದಿ ಎಡಪಕ್ಕೆಗೆ ಗುದ್ದಿತು. ಮೈಮೇಲೆ ಒಂದು ತೊಟ್ಟು ರಕ್ತ ಇಲ್ಲ, ಮೊಣಕೈ ಸ್ವಲ್ಪ ತರಚಿತ್ತು ಅಷ್ಟೆ. ಎದ್ದು ಸೀರೆ ಕೊಡವಿಕೊಂಡು ಶಾಲೆಗೆ ಹೋದೆ. ಅವತ್ತು ಹತ್ತನೇ ಕ್ಲಾಸಿಗೆ ತ್ರಿಕೋನಮಿತಿ ಶುರು ಮಾಡಬೇಕಿತ್ತು. ಬೋರ್ಡಿನ ಮೇಲೆ ಬರೆಯುತ್ತ ಇದ್ದಾಗ ಎಡಭುಜ ಸಿಡಿಯತೊಡಗಿತು. ಪೆಟ್ಟು ಬಿದ್ದದ್ದು ಪಕ್ಕೆಗೆ, ನೋವು ಭುಜದಲ್ಲಿ. ಒಳಗೆ ಸುರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆಯನ್ನು ಕೆಣಕಿದರೆ ಅಲ್ಲಿಯ ನರ ಅದನ್ನು ಭುಜದ ನೋವು ಎಂದು ಮೆದುಳಿಗೆ ತಿಳಿಸುತ್ತದಂತೆ. ಗುಲ್ಮ ಒಡೆದಾಗ ಡಾಕ್ಟರುಗಳು ಕೇಳುವ ಲಕ್ಷಣ ಇದು. ಬೈಕಿನಿಂದ ಬಿದ್ದವರು, ಕಬಡ್ಡಿಯಲ್ಲಿ ಪೆಟ್ಟು ತಿಂದವರು, ಅಡಿಕೆ ಮರದಿಂದ ಜಾರಿದವರು ಯಾರಾದರೂ ನಿಮ್ಮ ಹತ್ತಿರ 'ಎಡಭುಜ ಯಾಕೋ ನೋಯ್ತಿದೆ, ತಲೆ ತಿರುಗ್ತಿದೆ' ಅಂದರೆ ಎಣ್ಣೆ ಹಚ್ಚುತ್ತ ಕೂರಬೇಡಿ.

ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ಹೆಡ್‌ಮಾಸ್ಟರರ ಕಾರು, ತಾಲ್ಲೂಕು ಆಸ್ಪತ್ರೆ, ಬಿ.ಪಿ. ಸಿಗ್ತಿಲ್ಲ ಎಂದ ನರ್ಸ್, ಶಿವಮೊಗ್ಗದ ದಾರಿಯಲ್ಲಿ ಆಂಬುಲೆನ್ಸಿನ ಕುಲುಕಾಟ. ಈಗೆಲ್ಲ ಸರ್ಜನ್ನುಗಳು ಗುಲ್ಮವನ್ನು ಸುಲಭಕ್ಕೆ ತೆಗೆಯುವುದಿಲ್ಲ. ಸೀಳು ಸಣ್ಣದಾಗಿದ್ದರೆ ಮಲಗಿಸಿ ಕಾಯುತ್ತಾರೆ, ರಕ್ತನಾಳದ ಒಳಗಿಂದಲೇ ಸೋರಿಕೆ ಮುಚ್ಚುವ ವಿಧಾನವೂ ಇದೆ. ನನ್ನದು ಉಳಿಸುವ ಸ್ಥಿತಿಯಲ್ಲಿ ಇರಲಿಲ್ಲ. ತೆಗೆದರು, ನಾನು ಬದುಕಿದೆ. ಆ ರಾತ್ರಿ ಕೆಲಸ ಮಾಡಿದವರ ಬಗ್ಗೆ ನನ್ನಲ್ಲಿ ಕೃತಜ್ಞತೆ ಬಿಟ್ಟರೆ ಬೇರೇನಿಲ್ಲ.

ತಕರಾರು ಇರುವುದು ಡಿಸ್ಚಾರ್ಜ್ ಚೀಟಿಯ ಮೇಲೆ. ಅದರಲ್ಲಿ ಆಪರೇಷನ್ನಿನ ಹೆಸರಿತ್ತು, ನೋವಿನ ಮಾತ್ರೆ ಇತ್ತು, ಕಬ್ಬಿಣದ ಮಾತ್ರೆ ಇತ್ತು, ಹೊಲಿಗೆ ಬಿಚ್ಚಿಸಲು ಬರಬೇಕಾದ ತಾರೀಖಿತ್ತು, ಭಾರ ಎತ್ತಬೇಡಿ ಎಂದಿತ್ತು. ಇನ್ನು ಮುಂದೆ ಜ್ವರ ಬಂದರೆ ಏನು ಮಾಡಬೇಕು ಅನ್ನುವುದು ಎಲ್ಲೂ ಇರಲಿಲ್ಲ. 'ಗುಲ್ಮ ಇಲ್ಲದಿದ್ದರೂ ಏನಾಗಲ್ಲ, ಎಲ್ಲರ ಹಾಗೇ ಇರಬಹುದು' ಎಂದು ವಾರ್ಡಿನಲ್ಲಿ ಯಾರೋ ನನ್ನ ಗಂಡನಿಗೆ ಹೇಳಿದ್ದರು. ಹೊಲಿಗೆ ಬಿಚ್ಚಿಸುವ ದಿನ, ಇನ್ನೂ ಮೀಸೆ ಸರಿಯಾಗಿ ಬಾರದ ಒಬ್ಬ ಹುಡುಗ ಡಾಕ್ಟರು ಕಡತ ತಿರುವಿ ಹಾಕುತ್ತ, 'ಮೇಡಂ, ವ್ಯಾಕ್ಸಿನ್ ಯಾವಾಗ ಹಾಕಿಸ್ಕೊಂಡ್ರಿ?' ಎಂದು ಕೇಳಿದರು. ಯಾವ ವ್ಯಾಕ್ಸಿನ್ ಅಂದೆ. ಅವರು ಪೆನ್ನು ಕೆಳಗಿಟ್ಟು, ಕುರ್ಚಿ ಎಳೆದು ಕೂರಿಸಿ, ಹೊರಗೆ ಸಾಲು ನಿಂತಿದ್ದರೂ ಅವಸರ ಮಾಡದೆ ಹೇಳಿದರು. ಆಮೇಲೆ ಒಬ್ಬ ಫಿಸಿಷಿಯನ್ ಹತ್ತಿರ ಕಳಿಸಿದರು. ಈಗ ನಾನು ಬರೆಯುತ್ತಿರುವುದರಲ್ಲಿ ಹೆಚ್ಚಿನದು ಅವರಿಬ್ಬರಿಂದ ಕಲಿತದ್ದು, ಉಳಿದದ್ದು ಓದಿ ಕೇಳಿ ತಿಳಿದದ್ದು. ನಾನು ಗಣಿತದ ಟೀಚರು. ಮಾತ್ರೆಯ ಪ್ರಮಾಣ, ತಾರೀಖು ಇವನ್ನೆಲ್ಲ ನಿಮ್ಮ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ.

ಗುಲ್ಮದ ತೂಕ ಸುಮಾರು 150 ಗ್ರಾಂ. ಅದಕ್ಕೆ ಎರಡು ಕೆಲಸ. ಒಂದು, ರಕ್ತದ ಕೆಂಪು ಕಣಗಳನ್ನು ಆರಿಸುವುದು. ಸುಲಿದ ಅಡಿಕೆಯನ್ನು ಜಗಲಿಯಲ್ಲಿ ಹರಡಿಕೊಂಡು ಗಟ್ಟಿಯದನ್ನು ಉಳಿಸಿ ಕೆಟ್ಟದ್ದನ್ನು ಎಸೆಯುತ್ತೇವಲ್ಲ, ಹಾಗೆ. ಕಣಗಳು ತೀರಾ ಸಣ್ಣ ಸೀಳುಗಳಲ್ಲಿ ನುಸುಳಿ ಹೋಗಬೇಕು. ಮುದಿಯಾಗಿ ಬಿರುಸಾದವು ಅಲ್ಲೇ ಸಿಕ್ಕಿಬೀಳುತ್ತವೆ. ಈ ಕೆಲಸವನ್ನು ಲಿವರ್ ಮುಂತಾದವು ಸುಮಾರಾಗಿ ವಹಿಸಿಕೊಳ್ಳುತ್ತವೆ. ಎರಡನೆಯ ಕೆಲಸಕ್ಕೆ ಮಾತ್ರ ಸರಿಯಾದ ಬದಲಿ ಇಲ್ಲ. ಕೆಲವು ಬ್ಯಾಕ್ಟೀರಿಯಾಗಳ ಮೈಮೇಲೆ ಸಕ್ಕರೆಯಂಥ ವಸ್ತುವಿನ ಜಾರು ಕವಚ ಇರುತ್ತದೆ. ರೋಗನಿರೋಧಕ ಕಣಗಳ ಹಿಡಿತಕ್ಕೆ ಅವು ಸಿಗುವುದಿಲ್ಲ. ಮೊದಲು ಅವುಗಳ ಮೇಲೆ ಪ್ರತಿಕಾಯ, ಅಂದರೆ ಆಂಟಿಬಾಡಿ, ಅಂಟಬೇಕು. ಅಂಥ ಪ್ರತಿಕಾಯವನ್ನು ಬೇಗನೆ ತಯಾರಿಸುವ ಜೀವಕೋಶಗಳು ಗುಲ್ಮದಲ್ಲಿವೆ. ಅಲ್ಲಿ ರಕ್ತ ನಿಧಾನಕ್ಕೆ ಹರಿಯುವುದರಿಂದ ಹಿಡಿದು ತಿನ್ನುವುದಕ್ಕೆ ಸಮಯವೂ ಸಿಗುತ್ತದೆ. ಗುಲ್ಮ ಹೋದರೆ ಈ ಕವಚದ ಬ್ಯಾಕ್ಟೀರಿಯಾ ರಕ್ತದಲ್ಲಿ ಗಂಟೆಗಂಟೆಗೆ ಇಮ್ಮಡಿಸುತ್ತ ಹೋಗಬಹುದು. ಮುಖ್ಯವಾಗಿ ಮೂರು ಹೆಸರು: ನ್ಯೂಮೊಕಾಕಸ್, ಮೆನಿಂಗೊಕಾಕಸ್, ಹೀಮೊಫಿಲಸ್ ಇನ್‌ಫ್ಲುಯೆಂಜಾ ಬಿ. ಇವುಗಳಲ್ಲಿ ನ್ಯೂಮೊಕಾಕಸ್ಸೇ ದೊಡ್ಡ ಖಳ.

ಹಿಂದೆ ಗುಲ್ಮ ಇದ್ದರೂ ಒಂದೇ ಹೋದರೂ ಒಂದೇ ಎಂಬ ನಂಬಿಕೆ ವೈದ್ಯರಲ್ಲೇ ಇತ್ತು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮೇಕರ್ ಎಂಬಿಬ್ಬರು, ಹುಟ್ಟಿನಿಂದ ಬಂದ ರಕ್ತದ ಕಾಯಿಲೆಗಾಗಿ ಗುಲ್ಮ ತೆಗೆಸಿಕೊಂಡ ಐದು ಶಿಶುಗಳಿಗೆ ಆಮೇಲೆ ತೀವ್ರ ಸೋಂಕು ತಗುಲಿದ್ದನ್ನು ವರದಿ ಮಾಡಿದ ಮೇಲೆ ಆ ನಂಬಿಕೆ ಅಲುಗಾಡತೊಡಗಿತು. ಅದು ಇನ್ನೂ ಪೂರ್ತಿ ಬಿದ್ದಿಲ್ಲ ಅನ್ನುವುದಕ್ಕೆ ನನ್ನ ವಾರ್ಡಿನ ಮಾತೇ ಸಾಕ್ಷಿ.

ಹೆದರಿಸುವುದಕ್ಕೆ ಬರೆಯುತ್ತಿಲ್ಲ. ಗುಲ್ಮ ಇಲ್ಲದವರಿಗೆ ಇಡೀ ಜೀವಮಾನದಲ್ಲಿ ಇಂಥ ಮಾರಕ ಸೋಂಕು ಬರುವ ಸಂಭವ ಶೇಕಡಾ 5ರ ಆಸುಪಾಸು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಹಾಗೆ ಅಪಘಾತದಲ್ಲಿ ಕಳೆದುಕೊಂಡವರಿಗೆ, ಥಲಸ್ಸೀಮಿಯಾದಂಥ ರಕ್ತದ ಕಾಯಿಲೆಗೆ ತೆಗೆಸಿಕೊಂಡವರಿಗಿಂತ ಕಡಿಮೆ. ಮೊದಲ ಎರಡು ಮೂರು ವರ್ಷ ಹೆಚ್ಚು, ಆದರೆ ಎಷ್ಟೋ ದಶಕಗಳ ನಂತರ ಬಂದ ಉದಾಹರಣೆಯೂ ಇದೆ. ಗಣಿತದವಳಾಗಿ ನನಗೆ ಶೇಕಡಾ 5 ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಕಂಡದ್ದು ಇನ್ನೊಂದು ಸಂಖ್ಯೆ: ಬಂದರೆ, ಚಿಕಿತ್ಸೆ ಸಿಕ್ಕಿಯೂ ಅರ್ಧದಷ್ಟು ಜನ ಉಳಿಯದೆ ಹೋಗಬಹುದು. ಮತ್ತು ಅದೆಲ್ಲ ಒಂದೆರಡು ದಿನದೊಳಗೆ ಮುಗಿದುಹೋಗುತ್ತದೆ. ಬೆಳಿಗ್ಗೆ ಸ್ವಲ್ಪ ಚಳಿ, ಮೈಕೈನೋವು, ವಾಂತಿ, ತಲೆನೋವು. ಥೇಟ್ ಫ್ಲೂ. ಸಂಜೆಗೆ ಬಿ.ಪಿ. ಇಳಿಯುತ್ತದೆ, ಚರ್ಮದ ಮೇಲೆ ನೇರಳೆ ಕಲೆ ಏಳಬಹುದು. ನಮ್ಮ ಮನೆಯ ಪದ್ಧತಿಯ ಲೆಕ್ಕದಲ್ಲಿ ಅದಿನ್ನೂ ಕಷಾಯದ ದಿನ.

ಲಸಿಕೆಯ ವಿಷಯಕ್ಕೆ ಬರುತ್ತೇನೆ. ಗುಲ್ಮ ತೆಗೆಯುವುದು ಮೊದಲೇ ನಿಗದಿಯಾಗಿದ್ದರೆ ಕನಿಷ್ಠ ಎರಡು ವಾರ ಮುಂಚೆ ಹಾಕಿಸಿಕೊಂಡಿರಬೇಕು. ನನ್ನ ಹಾಗೆ ತುರ್ತಿನಲ್ಲಿ ಆದವರಿಗೆ ಎರಡು ವಾರ ಕಳೆದ ಮೇಲೆ. ಆಪರೇಷನ್ ಆದ ತಕ್ಷಣ ದೇಹ ಲಸಿಕೆಗೆ ಚೆನ್ನಾಗಿ ಸ್ಪಂದಿಸುವುದಿಲ್ಲ ಅಂತ ಈ ಅಂತರ. ಆದರೆ ರೋಗಿ ಮತ್ತೆ ಬರುವ ಭರವಸೆಯೇ ಇಲ್ಲ ಅನ್ನಿಸಿದರೆ ಮನೆಗೆ ಕಳಿಸುವಾಗಲೇ ಚುಚ್ಚಿ ಕಳಿಸುವುದು ಲೇಸು ಎನ್ನುತ್ತಾರೆ. ನಮ್ಮ ಹಳ್ಳಿಗಾಡಿಗೆ ಈ ಎರಡನೆಯ ಮಾತೇ ಸರಿ ಅಂತ ನನ್ನ ಅಭಿಪ್ರಾಯ.

ನ್ಯೂಮೊಕಾಕಸ್ಸಿಗೆ ಎರಡು ಬಗೆಯ ಲಸಿಕೆ. ಮೊದಲು ಕಾಂಜುಗೇಟ್, ಅಂದರೆ ಬ್ಯಾಕ್ಟೀರಿಯಾದ ಕವಚದ ತುಣುಕನ್ನು ಪ್ರೋಟೀನಿಗೆ ಜೋಡಿಸಿ ಮಾಡಿದ್ದು. ನನಗೆ 13 ಬಗೆಯ ನ್ಯೂಮೊಕಾಕಸ್ಸನ್ನು ತಡೆಯುವಂಥದ್ದು ಕೊಟ್ಟರು. ಕನಿಷ್ಠ ಎಂಟು ವಾರ ಬಿಟ್ಟು, ಪ್ರೋಟೀನು ಜೋಡಿಸದ ಬರಿ ಕವಚದಿಂದ ಮಾಡಿದ 23 ಬಗೆಯದ್ದು, ಐದು ವರ್ಷಕ್ಕೆ ಅದು ಇನ್ನೊಂದು ಸಲ. ಈ ಕ್ರಮ ತಿರುಗುಮುರುಗಾಗಬಾರದು. ಕಾಂಜುಗೇಟ್ ದೇಹದಲ್ಲಿ ಆ ಬ್ಯಾಕ್ಟೀರಿಯಾದ ನೆನಪನ್ನು ಕಟ್ಟುತ್ತದೆ, 23ರದ್ದು ಹರವನ್ನು ಹೆಚ್ಚಿಸುತ್ತದೆ. ಈಗ 20 ಬಗೆಯ ಕಾಂಜುಗೇಟ್ ಬಂದಿದೆ. ಅದೊಂದನ್ನು ಹಾಕಿದರೆ 23ರದ್ದು ಬೇಡ ಎಂಬುದು ಅಮೆರಿಕದ ನಿಯಮ. ಮೆನಿಂಗೊಕಾಕಸ್ಸಿನದು ಎ, ಸಿ, ಡಬ್ಲ್ಯು, ವೈ ನಾಲ್ಕೂ ಸೇರಿದ್ದು, ಎಂಟು ವಾರದ ಅಂತರದಲ್ಲಿ ಎರಡು, ಮುಂದೆ ಐದೈದು ವರ್ಷಕ್ಕೆ ಒಂದೊಂದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಒಂದು ತಯಾರಿಕೆಯ ಮೆನಿಂಗೊಕಾಕಲ್ ಲಸಿಕೆಯನ್ನು ನ್ಯೂಮೊಕಾಕಲ್ ಕಾಂಜುಗೇಟಿನ ಜೊತೆಗೇ ಹಾಕಿದರೆ ನ್ಯೂಮೊಕಾಕಲ್ಲಿನ ಪರಿಣಾಮ ಕುಗ್ಗುತ್ತದೆ, ನಾಲ್ಕು ವಾರ ಬಿಡಬೇಕು. ಆದ್ದರಿಂದ 'ಒಂದೇ ದಿನ ಎಲ್ಲ ಮುಗಿಸಿಬಿಡಿ ಸಾರ್' ಎಂದು ಗೋಗರೆಯುವ ಮೊದಲು ಯಾವ ತಯಾರಿಕೆ ಎಂದು ಕೇಳಿ. ಹೀಮೊಫಿಲಸ್ಸಿನದು ಹಿಬ್ ಲಸಿಕೆ, ಒಂದು ಸಲ ಸಾಕು. ಫ್ಲೂ ಲಸಿಕೆ ಪ್ರತಿ ವರ್ಷ. ನಾನು ಮಳೆಗಾಲ ಹಿಡಿಯುವ ಮೊದಲು, ಶಾಲೆ ತೆರೆಯುವ ಹೊತ್ತಿಗೆ ಹಾಕಿಸಿಕೊಳ್ಳುತ್ತೇನೆ. ಫ್ಲೂ ವೈರಸ್ಸಿಗೂ ಗುಲ್ಮಕ್ಕೂ ಏನು ಸಂಬಂಧ ಅಂದರೆ, ಫ್ಲೂ ಬಂದು ಶ್ವಾಸಕೋಶ ಹಣ್ಣಾದ ಮೇಲೆ ನುಗ್ಗುವುದು ಇದೇ ನ್ಯೂಮೊಕಾಕಸ್.

ಕಾಗದದ ಮೇಲೆ ಇದು ಆರೆಂಟು ಸಾಲು. ತಾಲ್ಲೂಕಿನಲ್ಲಿ ಇದನ್ನು ಹುಡುಕಿ ಹಾಕಿಸಿಕೊಳ್ಳುವುದು ಬೇರೆಯೇ ಕಥೆ. ನ್ಯೂಮೊಕಾಕಲ್ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಸರ್ಕಾರಿ ಕಾರ್ಯಕ್ರಮದಲ್ಲಿ ಸಿಗುತ್ತಿದೆ, ಆದರೆ ಶಿಶುಗಳಿಗೆ. ನಮ್ಮ ಊರಿಗೆ ಬರುವ ನರ್ಸಮ್ಮನ ಲಸಿಕೆ ಡಬ್ಬಿಯಲ್ಲಿ ಇರುವ ವಸ್ತು ನನಗೆ ದುಡ್ಡು ಕೊಟ್ಟರೂ ಇಲ್ಲ. ದೊಡ್ಡವರು ಸಾವಿರಗಟ್ಟಲೆ ಕೊಟ್ಟು ಖಾಸಗಿಯಲ್ಲಿ ಕೊಳ್ಳಬೇಕು. ಪೇಟೆಯ ಮೆಡಿಕಲ್ ಸ್ಟೋರಿನವನು ಮೆನಿಂಗೊಕಾಕಲ್ ಹೆಸರು ಕೇಳಿ ತಲೆಯೆತ್ತಿ, 'ಅಮೆರಿಕಕ್ಕೆ ಓದಕ್ಕೆ ಹೊರಟ್ರಾ ಟೀಚರ್?' ಅಂದ. ಅವನ ತಪ್ಪಿಲ್ಲ. ನಮ್ಮಲ್ಲಿ ಅದನ್ನು ಕೊಳ್ಳುವವರು ಹೆಚ್ಚಾಗಿ ವಿದೇಶದ ಹಾಸ್ಟೆಲ್ಲಿಗೆ ಹೋಗುವ ವಿದ್ಯಾರ್ಥಿಗಳು. ಹಜ್ ಯಾತ್ರೆಗೂ ಅದು ಕಡ್ಡಾಯ. ನಮ್ಮ ಶಾಲೆಯ ಉರ್ದು ಮೇಷ್ಟ್ರು ಹಜ್‌ಗೆ ಹೋಗಿ ಬಂದವರು. 'ನನಗೆ ಹಾಕಿದ್ದು ಅದೇ ಇಂಜೆಕ್ಷನ್, ಇಲ್ಲಿ ಎಲ್ಲಿ ಸಿಗುತ್ತೆ ವಿಚಾರಿಸ್ತೀನಿ' ಎಂದು ಫೋನು ತೆಗೆದವರು ಅವರೇ. ಹಿಬ್ ಸಿಕ್ಕಿದ್ದು ಮಕ್ಕಳ ಡಾಕ್ಟರ ಹತ್ತಿರ. ಗೋಡೆಯ ಮೇಲೆ ಆನೆ, ಜಿರಾಫೆಯ ಚಿತ್ರ. ಅಕ್ಕಪಕ್ಕದಲ್ಲಿ ಜುಟ್ಟು ಕಟ್ಟಿದ ಕೂಸುಗಳು. ನಡುವೆ ಮಡಿಲಲ್ಲಿ ಮಗು ಇಲ್ಲದ ನಾನು. ಪಕ್ಕದ ಅಜ್ಜಿ 'ಮಗು ಎಲ್ಲಿ?' ಅಂದರು. 'ನಾನೇ' ಅಂದೆ. ಲಸಿಕೆಯನ್ನು ಒಂದು ಕಡೆ ಕೊಂಡು ಇನ್ನೊಂದು ಕಡೆ ಚುಚ್ಚಿಸುವ ಸಾಹಸ ಬೇಡ. ಅದು 2ರಿಂದ 8 ಡಿಗ್ರಿಯ ತಣ್ಣಗಿನಲ್ಲೇ ಇರಬೇಕು; ನಮ್ಮ ಬಸ್ಸುಗಳು ಗೊತ್ತಲ್ಲ. ಸಿಗುವಲ್ಲಿಯೇ ತೋಳು ಚಾಚುವುದು ಕ್ಷೇಮ.

ಹಾಕಿಸಿಕೊಂಡದ್ದರ ಹೆಸರು, ತಾರೀಖು, ಬಾಟಲಿಯ ಲೇಬಲ್ ಒಂದು ಪುಸ್ತಕದಲ್ಲಿ ಅಂಟಿಸಿ ಇಟ್ಟಿದ್ದೇನೆ. ಐದು ವರ್ಷ ಅನ್ನುವುದು ಮರೆಯುವುದಕ್ಕೆ ಹೇಳಿ ಮಾಡಿಸಿದ ಅವಧಿ.

ಲಸಿಕೆ ಎಲ್ಲವನ್ನೂ ತಡೆಯುವುದಿಲ್ಲ. ನ್ಯೂಮೊಕಾಕಸ್ಸಿನಲ್ಲೇ ನೂರರಷ್ಟು ಬಗೆಗಳಿವೆ, ಲಸಿಕೆಯಲ್ಲಿರುವುದು ಇಪ್ಪತ್ತು ಚಿಲ್ಲರೆ. ಅದಕ್ಕೇ ಮಾತ್ರೆ. ನನಗೆ ಮೊದಲ ವರ್ಷಗಳಲ್ಲಿ ದಿನಕ್ಕೆರಡು ಸಲ ಅಮಾಕ್ಸಿಸಿಲಿನ್ ಎಂಬ ಪೆನಿಸಿಲಿನ್ ಜಾತಿಯ ಆಂಟಿಬಯಾಟಿಕ್, ಸಣ್ಣ ಪ್ರಮಾಣದಲ್ಲಿ. ಎಷ್ಟು ವರ್ಷ ಎಂಬುದರಲ್ಲಿ ದೇಶದಿಂದ ದೇಶಕ್ಕೆ, ಡಾಕ್ಟರಿಂದ ಡಾಕ್ಟರಿಗೆ ವ್ಯತ್ಯಾಸ ಇದೆ. ಮಕ್ಕಳಿಗೆ ದೀರ್ಘಕಾಲ, ದೊಡ್ಡವರಿಗೆ ಕೆಲವು ವರ್ಷ, ಒಮ್ಮೆ ಇಂಥ ಸೋಂಕು ಬಂದು ಉಳಿದವರಿಗೆ ಜೀವನಪೂರ್ತಿ ಅನ್ನುವುದು ನಾನು ಅರ್ಥ ಮಾಡಿಕೊಂಡ ಸಾರಾಂಶ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಬೇರೆ ಮಾತ್ರೆ ಇದೆ. 'ದಿನಾ ಆಂಟಿಬಯಾಟಿಕ್ ತಿಂದ್ರೆ ಒಳಗಿನ ಶಕ್ತಿಯೆಲ್ಲ ಹೋಗ್ತದೆ' ಎಂದು ನಮ್ಮ ಅತ್ತೆಯವರ ತಂಗಿ ಬಂದಾಗಲೆಲ್ಲ ಹೇಳುತ್ತಿದ್ದರು. ಹೋಗಬೇಕಾದ ಶಕ್ತಿ ಆಗಲೇ ಹೋಗಿ ಆಗಿದೆ ಚಿಕ್ಕಮ್ಮ, ಅದಕ್ಕೇ ತಿನ್ನುವುದು ಎಂದು ನಗುತ್ತಿದ್ದೆ.

ಈಗ ದಿನದ ಮಾತ್ರೆ ನಿಲ್ಲಿಸಿದ್ದಾರೆ. ಆದರೆ ತುರ್ತಿನ ಮಾತ್ರೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಮಾತ್ರೆಯ ಪಟ್ಟಿ ಮನೆಯಲ್ಲಿ ಒಂದು, ಕೈಚೀಲದಲ್ಲಿ ಒಂದು, ಸ್ಟಾಫ್ ರೂಮಿನ ನನ್ನ ಡ್ರಾಯರಿನಲ್ಲಿ ಒಂದು. ಅವಧಿ ಮುಗಿಯುವ ತಿಂಗಳನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ನಿಯಮ ಇಷ್ಟು: ಚಳಿ ಹುಟ್ಟಿ ಮೈ ನಡುಗಿದರೆ, ಥರ್ಮಾಮೀಟರಿನಲ್ಲಿ 100.4 ಡಿಗ್ರಿ ದಾಟಿದರೆ, ಅಥವಾ ಕಾರಣವಿಲ್ಲದೆ ಒಮ್ಮೆಲೆ ತೀರಾ ಕೈಲಾಗದ ಹಾಗೆ ಅನ್ನಿಸಿದರೆ ಮಾತ್ರೆ ನುಂಗಿ ಆಸ್ಪತ್ರೆಗೆ ಹೊರಡುವುದು. ನುಂಗಿ ಮಲಗುವುದಲ್ಲ. ಇದನ್ನು ನಮ್ಮ ಮನೆಯವರ ತಲೆಗೆ ತುಂಬುವುದಕ್ಕೆ ತುಂಬ ದಿನ ಹಿಡಿಯಿತು. ಮಾತ್ರೆ ಎಂದರೆ ಆಸ್ಪತ್ರೆಯ ಬದಲಿಗೆ ಎಂದೇ ಎಲ್ಲರ ಲೆಕ್ಕ. ಈ ಮಾತ್ರೆ ದಾರಿ ಖರ್ಚಿಗೆ. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರಬೇಕು, ಮಳೆಗಾಲದಲ್ಲಿ ಮರ ಬಿದ್ದಿರುತ್ತದೆ, ಮೊಬೈಲಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಆ ಹೊತ್ತು ದೇಹಕ್ಕೆ ಏನಾದರೂ ಆಧಾರ ಬೇಕಲ್ಲ.

ಒಂದು ರಾತ್ರಿ ಈ ನಿಯಮದ್ದೇ ಪರೀಕ್ಷೆ ಆಯಿತು. ಪರೀಕ್ಷೆಯ ಪೇಪರ್ ತಿದ್ದುತ್ತ ಕೂತಿದ್ದೆ, ಹಲ್ಲು ಕಟಕಟಿಸುವಷ್ಟು ಚಳಿ ಬಂತು. ಥರ್ಮಾಮೀಟರ್ ನೂರೆರಡು ತೋರಿಸಿತು. ಗಂಡ ಅಭ್ಯಾಸಬಲದಿಂದ 'ಬೆಳಗಾಗಲಿ, ನೋಡೋಣ' ಅಂದವರು ನನ್ನ ಮುಖ ನೋಡಿ ಕಾರಿನ ಕೀಲಿ ತೆಗೆದುಕೊಂಡರು. ಆಸ್ಪತ್ರೆಯ ಡ್ಯೂಟಿ ಡಾಕ್ಟರು ನಿದ್ದೆಗಣ್ಣಲ್ಲಿ ಬಂದು ಗಂಟಲು ನೋಡಿ, 'ವೈರಲ್ ಇದ್ದ ಹಾಗಿದೆ, ಎಲ್ಲ ಕಡೆ ಓಡಾಡ್ತಿದೆ. ಪ್ಯಾರಾಸಿಟಮಾಲ್ ಕೊಡ್ತೀನಿ, ಎರಡು ದಿನ ಬಿಟ್ಟು ಬನ್ನಿ' ಅಂದರು. ನನಗೆ ಸ್ಪ್ಲೀನ್ ಇಲ್ಲ ಅಂದೆ. 'ಹೌದಾ' ಅಂದರು, ಚೀಟಿ ಬರೆಯುವುದು ನಿಲ್ಲಲಿಲ್ಲ. ಆಗ ನಮ್ಮ ಫಿಸಿಷಿಯನ್ ಬರೆದುಕೊಟ್ಟ ಪತ್ರ ಮುಂದಿಟ್ಟೆ. ಓದಿದರು, ಇನ್ನೊಮ್ಮೆ ಓದಿದರು, ನಿದ್ದೆ ಹಾರಿತು. ಐದು ನಿಮಿಷದಲ್ಲಿ, ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರಿಗೆ ರಕ್ತ ತೆಗೆದು, ರಿಪೋರ್ಟಿಗೆ ಕಾಯದೆ ರಕ್ತನಾಳಕ್ಕೆ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಹಾಕಿದರು. ರೋಗಿ ಬಾಯಲ್ಲಿ ಹೇಳಿದ ಮಾತಿಗೂ ಲೆಟರ್‌ಹೆಡ್ಡಿನ ಮೇಲೆ ಇನ್ನೊಬ್ಬ ಡಾಕ್ಟರು ಬರೆದ ಮಾತಿಗೂ ಎಷ್ಟು ಅಂತರ ಎಂದು ಅವತ್ತು ಕಂಡೆ. ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಆ ಅಂತರವನ್ನು ನಮ್ಮ ಕೆಲಸಕ್ಕೆ ಬಳಸಿಕೊಳ್ಳಬೇಕು ಅಷ್ಟೆ.

ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಅದು ವೈರಲ್ಲೇ ಆಗಿತ್ತು. 'ಇಷ್ಟಕ್ಕೆಲ್ಲ ರಾತ್ರೋರಾತ್ರಿ ಓಡಿದ್ರಾ?' ಎಂದು ಕೇಳಿದವರಿದ್ದಾರೆ. ಹೌದು. ಇನ್ನೊಂದು ಸಲ ಬಂದರೂ ಓಡುತ್ತೇನೆ. ಮನೆಯಲ್ಲಿ ಕೂತು ಯಾವುದು ವೈರಲ್, ಯಾವುದು ನ್ಯೂಮೊಕಾಕಸ್ ಎಂದು ಹೇಳಬಲ್ಲವರು ಯಾರೂ ಇಲ್ಲ.

ಇನ್ನು ನಮ್ಮ ಊರಿನದೇ ಆದ ಕೆಲವು ಸಂಗತಿಗಳು. ನಾಯಿ ಸಾಕಿದ್ದೇವೆ. ನಾಯಿಯ ಜೊಲ್ಲಿನಲ್ಲಿ ಸಹಜವಾಗಿ ಇರುವ ಕ್ಯಾಪ್ನೊಸೈಟೊಫೇಗಾ ಎಂಬ ಬ್ಯಾಕ್ಟೀರಿಯಾ ಬೇರೆಯವರಿಗೆ ಸಾಮಾನ್ಯವಾಗಿ ಏನೂ ಮಾಡದಿದ್ದರೂ ಗುಲ್ಮ ಇಲ್ಲದವರ ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಬರಬಹುದು. ಕಚ್ಚಿದರೆ ಎಲ್ಲರ ಹಾಗೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ರೇಬೀಸ್ ಚುಚ್ಚುಮದ್ದು ಹಾಕಿಸುವುದಂತೂ ಸರಿಯೇ. ಅದರ ಜೊತೆಗೆ ಈ ಬ್ಯಾಕ್ಟೀರಿಯಾಕ್ಕಾಗಿ ಆಂಟಿಬಯಾಟಿಕ್ ಕೂಡ ತಕ್ಷಣ ಬೇಕು, ಗಾಯ ಎಷ್ಟೇ ಚಿಕ್ಕದಿರಲಿ. ಗಾಯದ ಮೇಲೆ ನಾಯಿ ನೆಕ್ಕುವುದಕ್ಕೂ ನಾನು ಬಿಡುವುದಿಲ್ಲ. ನಾಯಿಯನ್ನು ಮನೆಯಿಂದ ಕಳಿಸಿ ಎಂದವರ ಮಾತು ಮಾತ್ರ ಕೇಳಿಲ್ಲ. ಮೂಗನ ಹಾಗೆ ಕಣ್ಣಲ್ಲೇ ಎಲ್ಲ ಹೇಳುವ ಪ್ರಾಣಿ ಅದು. ಕಚ್ಚುವುದಾದರೆ ನಮ್ಮ ಮನೆಗೆ ಬರುವ ವಿಮೆ ಏಜೆಂಟರನ್ನು ಮೊದಲು ಕಚ್ಚುತ್ತದೆ.

ಉಣುಗಿನ ವಿಷಯ ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ವೈರಸ್, ಗುಲ್ಮ ಇದ್ದವರನ್ನೂ ಬಿಡುವುದಿಲ್ಲ. ಬೇಸಗೆಯಲ್ಲಿ ಕೊಟ್ಟಿಗೆಗೆ ತರಗೆಲೆ ತರಲು ನಾನೀಗ ಕಾಡಿಗೆ ಹೋಗುವುದಿಲ್ಲ. ಹೋಗಲೇಬೇಕಾದರೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿ, ಬಂದ ಕೂಡಲೆ ಬಿಸಿನೀರಲ್ಲಿ ಮೈತಿಕ್ಕಿ ಸ್ನಾನ. ಗುಲ್ಮ ಇಲ್ಲದವರನ್ನು ಹುಡುಕಿಕೊಂಡು ಕಾಡುವ ಉಣುಗಿನ ಕಾಯಿಲೆ ಬೇರೆ ಇದೆ, ಬೆಬೀಸಿಯಾ. ಮಲೇರಿಯಾದ ಹಾಗೆ ಕೆಂಪು ಕಣದೊಳಗೆ ಹೊಕ್ಕುವ ಪರಾವಲಂಬಿ. ಅದು ಹೆಚ್ಚು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ. ಬಾಸ್ಟನ್, ನ್ಯೂಯಾರ್ಕ್ ಸುತ್ತ ನಮ್ಮವರು ಎಷ್ಟೊಂದು ಜನ ಇದ್ದಾರೆ, ವಾರಾಂತ್ಯಕ್ಕೆ ಕಾಡು ಸುತ್ತುತ್ತಾರೆ. ಗುಲ್ಮ ತೆಗೆಸಿಕೊಂಡವರು ಅಲ್ಲಿದ್ದರೆ ಹುಲ್ಲು ಪೊದೆಯಲ್ಲಿ ನಡೆದು ಬಂದ ಮೇಲೆ ಮೈ ನೋಡಿಕೊಳ್ಳಿ, ಜ್ವರ ಬಂದರೆ ಉಣುಗಿನ ಸುದ್ದಿ ಹೇಳಿ.

ಮಲೇರಿಯಾ ಕೂಡ ನಮ್ಮಂಥವರಿಗೆ ಜೋರಾಗಿ ಬರುತ್ತದೆ. ರಾಜ್ಯದಲ್ಲಿ ಎಷ್ಟೋ ವರ್ಷ ಮಲೇರಿಯಾಕ್ಕೆ ಹೆಸರಾದ ಊರು ಮಂಗಳೂರು, ನನ್ನ ತಂಗಿ ಇರುವುದು ಅಲ್ಲೇ. ಹೋಗುವುದು ಬಿಟ್ಟಿಲ್ಲ. ಸೊಳ್ಳೆಪರದೆ, ಸಂಜೆಯಾದ ಮೇಲೆ ಉದ್ದ ತೋಳು, ಕಟ್ಟಡ ಕಾಮಗಾರಿಯ ಪಕ್ಕದಲ್ಲಿ ಹರಟೆ ಹೊಡೆಯುತ್ತ ನಿಲ್ಲದಿರುವುದು. ಅಲ್ಲಿಂದ ಬಂದ ಮೇಲೆ ಜ್ವರ ಬಂದರೆ ಮಲೇರಿಯಾ ಪರೀಕ್ಷೆಯನ್ನೂ ಅದೇ ದಿನ ಕೇಳಿ ಮಾಡಿಸುವುದು. ಮಲೇರಿಯಾ ಹೆಚ್ಚಿರುವ ಹೊರದೇಶಕ್ಕೆ ಹೋಗುವವರು ಮುಂಜಾಗ್ರತೆಯ ಮಾತ್ರೆಯ ಬಗ್ಗೆ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು.

ರಕ್ತಪರೀಕ್ಷೆಯ ಕಾಗದ ನೋಡಿ ಗಾಬರಿಯಾಗಬೇಡಿ. ಗುಲ್ಮ ಹೋದ ಮೇಲೆ ಬಿಳಿಕಣ, ಪ್ಲೇಟ್‌ಲೆಟ್ ಎರಡೂ ಸ್ವಲ್ಪ ಏರಿಯೇ ಇರುತ್ತವೆ. ಲ್ಯಾಬಿನ ಕಂಪ್ಯೂಟರು ಅವಕ್ಕೆಲ್ಲ ದಪ್ಪಕ್ಷರದಲ್ಲಿ 'ಹೈ' ಎಂದು ಹೊಡೆಯುತ್ತದೆ. ಮೊದಲ ವಾರಗಳಲ್ಲಿ ನನ್ನ ಪ್ಲೇಟ್‌ಲೆಟ್ ಮಾಮೂಲಿನ ನಾಲ್ಕೂವರೆ ಲಕ್ಷದ ಗೆರೆಯನ್ನು ಬಹಳ ಮೇಲೆ ದಾಟಿತ್ತು, ಕೆಲವು ವಾರ ಆಸ್ಪಿರಿನ್ ಕೊಟ್ಟಿದ್ದರು. ಆ ಸಮಯದಲ್ಲಿ ಲಿವರಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಇರುವುದರಿಂದ, ಆಪರೇಷನ್ ಆದ ಮೇಲೆ ಹೊಸದಾಗಿ ಹೊಟ್ಟೆನೋವು, ಜ್ವರ ಬಂದರೆ ಸ್ಕ್ಯಾನ್ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ 'ಹೊವೆಲ್ ಜಾಲಿ ಬಾಡೀಸ್' ಅಂತ ಬರೆದಿರಬಹುದು. ಕೆಂಪು ಕಣದಲ್ಲಿ ಉಳಿದುಹೋದ ನ್ಯೂಕ್ಲಿಯಸ್ಸಿನ ಚೂರುಗಳವು. ಗುಲ್ಮ ಇದ್ದಿದ್ದರೆ ಕಿತ್ತು ಹಾಕುತ್ತಿತ್ತು. ಕಾಯಿಲೆ ಅಲ್ಲ, ಗುಲ್ಮ ಇಲ್ಲ ಅನ್ನುವುದರ ಗುರುತು.

ಊಟಕ್ಕೆ ವಿಶೇಷ ಪಥ್ಯ ಏನೂ ಇಲ್ಲ. ಆದರೂ ಆಪರೇಷನ್ ಆದವರ ಮನೆಗೆ ಬರುವವರ ಕೈಲಿ ಅಮೃತಬಳ್ಳಿ, ಪಪ್ಪಾಯಿ ಎಲೆ, ಇಮ್ಯುನಿಟಿ ಪುಡಿಯ ಡಬ್ಬಿ ಇದ್ದೇ ಇರುತ್ತವೆ. ಪ್ಲೇಟ್‌ಲೆಟ್ ಆಗಲೇ ಹೆಚ್ಚಿರುವವಳಿಗೆ ಪಪ್ಪಾಯಿ ಎಲೆಯ ರಸ ಯಾಕೆ ಎಂದು ಕೇಳಿದರೆ ಉತ್ತರ ಇಲ್ಲ. ಅಮೃತಬಳ್ಳಿ ಕುಡಿದು ಲಿವರ್ ಹಾಳಾದ ವರದಿಗಳು ಕೊರೋನಾ ಕಾಲದಲ್ಲಿ ಮುಂಬೈಯ ವೈದ್ಯರಿಂದಲೇ ಬಂದಿವೆ. ಜೀರಿಗೆ ಕಷಾಯ ನಾನು ದಿನಾ ಕುಡಿಯುತ್ತೇನೆ, ರುಚಿಗೆ. ಲಸಿಕೆಯ ಬದಲಿಗೆ ಅದನ್ನು ಲೆಕ್ಕ ಹಾಕುವುದಿಲ್ಲ. ಹಲ್ಲು ಕೀಳಿಸುವಾಗ, ಯಾವುದೇ ಸಣ್ಣ ಆಪರೇಷನ್ನಿಗೆ ಮುಂಚೆ ಗುಲ್ಮ ಇಲ್ಲವೆಂದು ಹೇಳುತ್ತೇನೆ, ಮುಂದಿನದು ಅವರ ತೀರ್ಮಾನ.

ನನಗಿರುವ ಹಾಗೆ ಹೊಟ್ಟೆಯ ಮೇಲೆ ಆಪರೇಷನ್ನಿನ ಗುರುತು ಇಲ್ಲದೆಯೂ ಇದೇ ಸ್ಥಿತಿಯಲ್ಲಿ ಇರುವವರು ಇದ್ದಾರೆ ಎಂದು ತಿಳಿದದ್ದು ಆಮೇಲೆ. ಕೆಂಪು ಕಣಗಳು ಕುಡುಗೋಲಿನ ಆಕಾರಕ್ಕೆ ಬಾಗುವ ಸಿಕಲ್ ಸೆಲ್ ಕಾಯಿಲೆ ಇರುವ ಮಕ್ಕಳಲ್ಲಿ ಗುಲ್ಮ ಒಳಗೊಳಗೇ ಮುರುಟಿ ಕೆಲಸ ನಿಲ್ಲಿಸಿರುತ್ತದೆ. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಜನರಲ್ಲಿ ಈ ಕಾಯಿಲೆ ಇದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ರಕ್ತಪರೀಕ್ಷೆ ನಡೆಯುತ್ತಿದೆ. ಹಾಡಿಯ ಶಾಲೆಗಳಲ್ಲಿ ಪಾಠ ಮಾಡುವ ಶಿಕ್ಷಕ ಮಿತ್ರರು ಆ ಮಕ್ಕಳ ಜ್ವರವನ್ನು ಶನಿವಾರದ ತನಕ ಕಾಯಿಸದೆ ಇದ್ದರೆ ಒಳ್ಳೆಯದು.

ಕೊನೆಗೆ, ಡ್ಯೂಟಿ ಡಾಕ್ಟರ ಮುಂದಿಟ್ಟ ಆ ಪತ್ರದ ಸಾರ. ಎಷ್ಟೋ ಜನ ಕೇಳುತ್ತಾರೆ, ಹಾಗಾಗಿ ಕನ್ನಡದಲ್ಲಿ ಇಲ್ಲಿಡುತ್ತೇನೆ. ನಿಮ್ಮ ಡಾಕ್ಟರಿಗೆ ತೋರಿಸಿ, ಅವರ ಲೆಟರ್‌ಹೆಡ್ಡಿನಲ್ಲಿ, ಅವರ ಇಂಗ್ಲಿಷಿನಲ್ಲಿ, ನಿಮ್ಮ ದೇಹಕ್ಕೆ ತಕ್ಕ ಔಷಧಿಯ ಪ್ರಮಾಣದೊಂದಿಗೆ ಬರೆಸಿಕೊಳ್ಳಿ.

'ಈ ಪತ್ರ ತಂದಿರುವವರಿಗೆ ಇಂಥ ವರ್ಷ, ಇಂಥ ಕಾರಣಕ್ಕೆ ಗುಲ್ಮ ತೆಗೆಯಲಾಗಿದೆ. ಹಾಕಿಸಿಕೊಂಡ ಲಸಿಕೆಗಳು ಮತ್ತು ತಾರೀಖುಗಳು ಹಿಂಬದಿಯಲ್ಲಿವೆ. ಔಷಧಿ ಅಲರ್ಜಿ: ಇದೆ ಅಥವಾ ಇಲ್ಲ. ಜ್ವರ ಅಥವಾ ಚಳಿಯೊಂದಿಗೆ ಬಂದರೆ ಬೇರೆ ಕಾರಣ ಖಚಿತವಾಗುವ ತನಕ ರಕ್ತದ ಸೋಂಕು ಎಂದೇ ಪರಿಗಣಿಸಿ. ಬ್ಲಡ್ ಕಲ್ಚರ್ ತೆಗೆದು ಕೂಡಲೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಡಿ. ಕಲ್ಚರ್ ತೆಗೆಯುವುದು ತಡವಾದರೆ ಆಂಟಿಬಯಾಟಿಕ್ ತಡ ಮಾಡಬೇಡಿ. ಬಿಳಿಕಣಗಳು ಯಾವಾಗಲೂ ಸ್ವಲ್ಪ ಹೆಚ್ಚಿರುತ್ತವೆ, ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಕನಿಷ್ಠ ಒಂದು ದಿನ ದಾಖಲಿಸಿ ನೋಡಿಕೊಳ್ಳಿ. ಸಂದೇಹವಿದ್ದರೆ ಈ ನಂಬರಿಗೆ ಕರೆ ಮಾಡಿ.'

ನಂಬರು ಡಾಕ್ಟರದ್ದು. ನಮ್ಮ ಹಳೆಯ ಫಿಸಿಷಿಯನ್ ಊರು ಬಿಟ್ಟು ಹೋದಾಗ ಹೊಸಬರ ಹತ್ತಿರ ಹೊಸದಾಗಿ ಬರೆಸಿ, ಫೋನಿನಲ್ಲೂ ಒಂದು ಚಿತ್ರ ತೆಗೆದಿಟ್ಟು, ಒಂದು ಪ್ರತಿಯನ್ನು ಹೆಡ್‌ಮಾಸ್ಟರರ ಕೈಗೂ ಕೊಟ್ಟಿದ್ದೇನೆ.